ಮಳವಳ್ಳಿ ರಸ್ತೆಯಲ್ಲಿ ನಿಲ್ಲುತ್ತಿದ್ದ ಗಾಡಿ

ನನ್ನ ಬಲಮಂಡಿ ಹೋದದ್ದು ಹೊಲದಲ್ಲಿ ಅಲ್ಲ, ಗರಡಿಯಲ್ಲೂ ಅಲ್ಲ. ಮೋಟಾರ್ ಸೈಕಲ್ಲಿನ ಕಿಕ್ಕರು ಒದ್ದು ಒದ್ದು ಹೋದದ್ದು. ಈಗಲೂ ಮೆಟ್ಟಿಲು ಹತ್ತುವಾಗ ಅದು ಕಟಕ್ ಅನ್ನುತ್ತದೆ, ನಾನು ಬೈಯುತ್ತೇನೆ, ಮನೆಯವರು ಯಾರನ್ನು ಬೈದಿರಿ ಅಂತ ಕೇಳುತ್ತಾರೆ. ಯಾರನ್ನು ಅಂತ ಹೇಳಲಿ. ಯುದ್ಧದ ಕಾಲದ ಒಂದು ಹಳೇ ಗಾಡಿಯನ್ನು ಬೈದೆ ಅಂದರೆ ಯಾರಿಗೆ ತಾನೆ ಅರ್ಥವಾಗುತ್ತದೆ.

ಆಗ ನಾನು ಮದ್ದೂರಿನಲ್ಲಿ ಒಬ್ಬ ಸಾಬರ ಮೋಟಾರ್ ರಿಪೇರಿ ಶಾಪಿನಲ್ಲಿ ಕೆಲಸಕ್ಕಿದ್ದೆ. ಬೆಂಗಳೂರು ಮೈಸೂರು ರಸ್ತೆಯಿಂದ ಮಳವಳ್ಳಿ ಕಡೆಗೆ ದಾರಿ ತಿರುಗುವ ಜಾಗದ ಹತ್ತಿರ ಶಾಪು. ತಗಡಿನ ಮಾಡು, ಮುಂದೆ ಒಂದು ಹೊಂಗೆ ಮರ. ನನ್ನದು ಆತಗೂರು ಕಡೆಯ ಆಚಾರಿ ಮನೆ. ಅಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದವರು. ಕುಲುಮೆಯ ಹೊಗೆ ಕುಡಿದು ಸಾಕಾಗಿ ನಾನು ಮದ್ದೂರಿಗೆ ಬಂದೆ, ಇಲ್ಲಿ ಪೆಟ್ರೋಲಿನ ಹೊಗೆ ಕುಡಿದೆ. ಆ ವೇಳೆಗೆ ನನಗೆ ಮದುವೆಯಾಗಿ ಒಂದು ಹೆಣ್ಣುಮಗುವೂ ಇತ್ತು. ಸಾಬರು ನನಗಿಂತ ಬಹಳ ದೊಡ್ಡವರು, ಮೈಸೂರಿನಲ್ಲಿ ಯಾರೋ ಶ್ರೀಮಂತರ ಕಾರುಗಳ ಶೆಡ್ಡಿನಲ್ಲಿ ಕೆಲಸ ಕಲಿತು ಬಂದವರು. ಊರವರೆಲ್ಲ ಅವರನ್ನು ಸಾಬರು ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ಏನ್ಲಾ ಅನ್ನುತ್ತಿದ್ದರು. ಅಷ್ಟು ಮಾತಿನಲ್ಲೇ ನಮ್ಮಿಬ್ಬರ ಸಂಸಾರ ನಡೆಯುತ್ತಿತ್ತು.

ಕರೆಂಟಿನ ತೊಂದರೆ ಹುಡುಕುವುದಕ್ಕೆ ನಮ್ಮ ಶಾಪಿನಲ್ಲಿ ಒಂದೇ ಪದ್ಧತಿ. ಆ ಕಾಲದ ಹಳೇ ಮೋಟಾರ್ ಸೈಕಲ್ಲು ಓಡುವುದಕ್ಕೆ ಬ್ಯಾಟರಿಯ ಹಂಗಿರಲಿಲ್ಲ. ಮ್ಯಾಗ್ನೆಟೊ ಅಂತ ಒಂದು ಡಬ್ಬಿ ಇರುತ್ತಿತ್ತು. ಇಂಜಿನ್ನು ತಿರುಗಿದರೆ ಅದೂ ತಿರುಗುತ್ತದೆ, ತಿರುಗಿದರೆ ಕರೆಂಟು ಹುಟ್ಟುತ್ತದೆ, ಆ ಕರೆಂಟು ಒಂದು ದಪ್ಪ ವೈರಿನಲ್ಲಿ ಹೋಗಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಕಿಡಿ ಬಿದ್ದರೆ ಗಾಡಿ ಓಡೀತು, ಬೀಳದಿದ್ದರೆ ತಳ್ಳಿಕೊಂಡು ಬರಬೇಕು. ಕರೆಂಟು ದಾರಿಯಲ್ಲಿ ಎಲ್ಲಾದರೂ ಸೋರುತ್ತಿದ್ದರೆ ಅದನ್ನು ಹಿಡಿಯಬೇಕು. ಮೀಟರು ಗೀಟರು ನಮ್ಮ ಹತ್ತಿರ ಎಲ್ಲಿಂದ ಬರಬೇಕು. ನಾನು ಕಿಕ್ಕರು ಒದೆಯುತ್ತಿದ್ದೆ. ಸಾಬರು ಬರಿಗೈಯಲ್ಲಿ ಆ ವೈರನ್ನು ಮ್ಯಾಗ್ನೆಟೊದಿಂದ ಪ್ಲಗ್ಗಿನವರೆಗೆ ಸವರಿಕೊಂಡು ಹೋಗುತ್ತಿದ್ದರು. ಎಲ್ಲಿ ಕೈಗೆ ಹೊಡೆಯಿತೋ ಅಲ್ಲಿ ಸೋರಿಕೆ.

ಒದೆಯುವವನು ನಾನು, ಮುಟ್ಟುವವರು ಅವರು. ಅವರ ಕೈ ಹೋದ ಕಡೆ ಮತ್ತೆ ನನ್ನ ಕೈ ಹೋಗಬಾರದು. ಹಾಗಂತ ಅವರು ಯಾವತ್ತೂ ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ಉಸ್ತಾದರು ಸರಿಯಾಗಿದೆ ಅಂದದ್ದನ್ನು ಕೆಲಸದವನು ಮತ್ತೆ ಮುಟ್ಟಿ ನೋಡಿದರೆ ಅವರ ಮಾತನ್ನು ನಂಬಲಿಲ್ಲ ಅಂತಲೇ ಅರ್ಥ. ಆ ಕಾಲದಲ್ಲಿ ನಮ್ಮ ಕಡೆಯ ಯಾವ ಶಾಪಿನಲ್ಲೂ ಯಾರೂ ಹಾಗೆ ಮಾಡುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗಿ ಪೆಟ್ರೋಲಿಗೆ ಕೂಪನ್ನು ಬಂದ ಮೇಲೆ ನಮ್ಮ ಕೆಲಸ ಬತ್ತಿಹೋಯಿತು. ಕಾರು ಇದ್ದವರು ಅದನ್ನು ಇಟ್ಟಿಗೆಯ ಮೇಲೆ ಕೂರಿಸಿ ಗೋಣಿತಾಟು ಹೊದಿಸಿದರು. ಬಸ್ಸುಗಳು ಪೆಟ್ರೋಲಿಗೆ ಬದಲಾಗಿ ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡತೊಡಗಿದವು. ಆ ಒಲೆಯ ಕೆಲಸವನ್ನು ಸಾಬರು ಮುಟ್ಟುತ್ತಿರಲಿಲ್ಲ. ಅದು ಅಡುಗೆಯವರ ಕೆಲಸ, ನನ್ನದಲ್ಲ ಅನ್ನುತ್ತಿದ್ದರು. ಹಾಗಾಗಿ ನಾವಿಬ್ಬರೂ ಹೊಂಗೆ ಮರದ ಕೆಳಗೆ ಕೂತು ರಸ್ತೆ ನೋಡುವುದೇ ಹೆಚ್ಚಾಯಿತು. ಕೂತು ಕೂತು ಆಗುವ ಆಯಾಸ ದುಡಿದರೂ ಆಗುವುದಿಲ್ಲ.

ಅಂಥ ದಿನಗಳಲ್ಲಿ ಕಬ್ಬಿನ ಇನ್ಸ್‌ಪೆಕ್ಟರು ಬಂದರು. ಮಂಡ್ಯದ ಸಕ್ಕರೆ ಫ್ಯಾಕ್ಟರಿಯವರು, ಬ್ರಾಹ್ಮಣರು, ಕಚ್ಚೆಪಂಚೆಯ ಮೇಲೆ ಕೋಟು, ತಲೆಗೆ ಹ್ಯಾಟು. ಮದ್ದೂರು ಮಳವಳ್ಳಿ ಸುತ್ತಿನ ಕಬ್ಬಿನ ಗದ್ದೆಗಳನ್ನು ನೋಡಿ ಯಾವುದು ಯಾವಾಗ ಕಟಾವಾಗಬೇಕು ಅಂತ ಗೊತ್ತುಮಾಡುವುದು ಅವರ ಕೆಲಸ. ಕೆಲಸದ ಲೆಕ್ಕದಲ್ಲಿ ಅವರಿಗೆ ಪೆಟ್ರೋಲು ಸಿಗುತ್ತಿತ್ತು. ಆದರೆ ಅವರ ಗಾಡಿ ಇಂಗ್ಲೆಂಡಿನ ಮುದಿ ಗಾಡಿ, ಅವರಿಗಿಂತ ಮುಂಚೆ ಯಾರು ಯಾರೋ ಓಡಿಸಿ ಬಿಟ್ಟದ್ದು.

"ನೋಡಿ ಸಾಬರೇ," ಅಂದರು, "ಇಲ್ಲಿ ನಿಮ್ಮ ಮುಂದೆ ಇದು ಹೊಸ ಸೊಸೆ ಥರಾ ಇರುತ್ತೆ. ಮಳವಳ್ಳಿ ರಸ್ತೇಲಿ ನಾಲ್ಕು ಮೈಲಿ ಹೋಗಲಿ, ಅತ್ತೆ ಥರಾ ಆಡುತ್ತೆ. ಕೆಮ್ಮಿ ನಿಂತುಬಿಡುತ್ತೆ. ಮರದ ಕೆಳಗೆ ಅರ್ಧ ಗಂಟೆ ಕೂತರೆ ಮತ್ತೆ ಶುರುವಾಗುತ್ತೆ. ನಾನೇನು ಕಬ್ಬು ನೋಡಲೋ, ಮರ ಎಣಿಸಲೋ."

ಜೊತೆಗೆ ಇನ್ನೊಂದು ಮಾತೂ ಹೇಳಿದರು. ಅವರ ಹಾಗೇ ಹಳೇ ಗಾಡಿ ಇಟ್ಟುಕೊಂಡ ಇನ್ಸ್‌ಪೆಕ್ಟರುಗಳು ಮಂಡ್ಯದಲ್ಲಿ ಇನ್ನೂ ಇದ್ದರು. ಈ ಗಾಡಿಯ ರೋಗ ಹಿಡಿದುಕೊಟ್ಟರೆ ಎಲ್ಲರ ಗಾಡಿಗಳನ್ನೂ ನಮ್ಮಲ್ಲಿಗೇ ಕಳಿಸುವುದಾಗಿ ಹೇಳಿ ಹೋದರು. ಅವರು ಹೋದ ಮೇಲೆ ಸಾಬರು ಬಹಳ ಹೊತ್ತು ಆ ಗಾಡಿಯನ್ನು ನೋಡುತ್ತಾ ನಿಂತಿದ್ದರು. ನಾನೂ ನಿಂತಿದ್ದೆ. ಇಷ್ಟು ಕೆಲಸ ಬಂದರೆ ಯುದ್ಧ ಮುಗಿಯುವವರೆಗೂ ಎರಡು ಮನೆಯ ಒಲೆ ಉರಿಯುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

ಹುಡುಕಿದೆವು ಹುಡುಕಿದೆವು. ಆ ಬೇಸಗೆಯೆಲ್ಲ ಅದೇ ಆಯಿತು. ಪೆಟ್ರೋಲಿನಲ್ಲಿ ಕಸ ಇದೆ ಅಂತ ಟ್ಯಾಂಕು ಬರಿದು ಮಾಡಿ ಹಳೇ ಪಂಚೆಯಲ್ಲಿ ಸೋಸಿದೆವು. ಟ್ಯಾಂಕಿನ ಮುಚ್ಚಳದ ತೂತು ಕಟ್ಟಿದೆ ಅಂತ ಸೂಜಿಯಿಂದ ಬಿಡಿಸಿದೆವು. ಪ್ಲಗ್ಗು ಬದಲಾಯಿಸಿದೆವು. ಮ್ಯಾಗ್ನೆಟೊ ಬಿಚ್ಚಿ ಒರೆಸಿ, ತೇವ ಇದ್ದರೆ ಹೋಗಲಿ ಅಂತ ಬಿಸಿಲಿನಲ್ಲಿ ಹಪ್ಪಳದಂತೆ ಒಣಗಿಸಿದೆವು. ಪ್ರತಿ ಸಲವೂ ಎಲ್ಲ ಕೂಡಿಸಿದ ಮೇಲೆ ಸಾಬರು ಮಂಡಿಯೂರಿ ಕೂತು, "ಒದಿಲಾ" ಅನ್ನುವರು. ನಾನು ಒದೆಯುವೆನು. ಅವರ ಕೈ ವೈರಿನ ಮೇಲೆ ನಿಧಾನವಾಗಿ ಹರಿದುಹೋಗುವುದು.

"ವೈರು ಚೆನ್ನಾಗೈತೆ, ಬುಡು."

ಗಾಡಿ ತೆಗೆದುಕೊಂಡು ಇನ್ಸ್‌ಪೆಕ್ಟರು ಹೋಗುವರು. ದಾರಿಯಲ್ಲಿ ಮರದ ಕೆಳಗೆ ಕೂತು ಕೂತು ಸಾಕಾಗಿ, ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿಕೊಂಡು ಗಾಡಿ ತಳ್ಳಿಸಿಕೊಂಡು ಬರುವರು. ತಳ್ಳುವುದಕ್ಕೆ ಯಾವುದಾದರೂ ಹಳ್ಳಿಯ ಇಬ್ಬರು ಕಬ್ಬು ಬೆಳೆಗಾರರು ಇರುವರು, ಪಾಪ, ಅವರಿಗೆ ಕಟಾವಿನ ಆತುರ. ಅವರ ಮುಖ ನೋಡಿದರೆ ನನಗೆ ನಾಚಿಕೆ, ಇನ್ಸ್‌ಪೆಕ್ಟರ ಮುಖ ನೋಡಿದರೆ ಸಿಟ್ಟು, ಗಾಡಿಯ ಮುಖ ನೋಡಿದರೆ ಸುತ್ತಿಗೆ ತೆಗೆದುಕೊಳ್ಳೋಣ ಅನ್ನಿಸುವುದು.

ಹೋಟೆಲಿನಲ್ಲಿ ಮಾತು ಹುಟ್ಟುವುದಕ್ಕೆ ಎಷ್ಟು ಹೊತ್ತು. ಒಂದು ದಿನ ನಾನು ಕಾಫಿಗೆ ಹೋದಾಗ ಬೆಲ್ಲದ ಮಂಡಿಯ ಗುಮಾಸ್ತನೊಬ್ಬ, "ಸಾಬ್ರ ಕೈ ಓಯ್ತಂತೆ ಕಣ್ಲಾ" ಅಂದ. ನಾನು, "ಅವ್ರ ಕೈ ಅಲ್ಲ ಓಗಿರಾದು, ನಿನ್ ತಲೆ" ಅಂತ ಹೇಳಿ ಕಾಫಿ ಕುಡಿಯದೆ ಎದ್ದು ಬಂದೆ. ಬಂದು ನೋಡಿದರೆ ಸಾಬರು ಮತ್ತೆ ಅದೇ ಗಾಡಿಯ ಮುಂದೆ ಕೂತಿದ್ದಾರೆ. ಬಾಯಿಗೆ ಬಂದದ್ದನ್ನು ಹಾಗೇ ನುಂಗಿದೆ.

ಅವರ ಕೈ ಬಗ್ಗೆ ಊರಿನಲ್ಲಿ ಬೇರೆ ಮಾತೇ ಇತ್ತು, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು. ಕುದಿಯುವ ಟೀ ಲೋಟವನ್ನು ಅಂಚು ಹಿಡಿಯದೆ ಪೂರ್ತಿ ಅಂಗೈಯಲ್ಲಿ ಹಿಡಿದು ಕುಡಿಯುವವರು ಅವರೊಬ್ಬರೇ. ಕಾದ ಸೈಲೆನ್ಸರನ್ನು ಬಟ್ಟೆಯಿಲ್ಲದೆ ಹಿಡಿದು ಪಕ್ಕಕ್ಕಿಡುವರು. ಒಂದು ಸಲ ಬೀಡಿ ಪೂರ್ತಿ ಉರಿದು ಬೆರಳಿನ ಸಂದಿಗೆ ಬಂದಿತ್ತು, ಚರ್ಮದ ವಾಸನೆ ನನ್ನ ಮೂಗಿಗೆ ಬಡಿದು ನಾನೇ ಕೂಗಿದೆ. ಅವರು ಬೀಡಿ ಎಸೆದು ಬೆರಳು ನೋಡಿಕೊಂಡು, "ಕೆಲ್ಸ ಮಾಡೋ ಕೈ ಕಣ್ಲಾ, ಬರೆ ಬೀಳ್ದೆ ಇರ್ತದಾ" ಅಂದರು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಆಕೆ ಒಂದು ದಿನ ಬುತ್ತಿ ಕೊಡುವಾಗ ಬಾಗಿಲ ಮರೆಯಿಂದ, "ನಿಮ್ಮ ಸಾಬ್ರು ಒಲೆ ಮೇಲಿನ ಹಂಚು ಬರಿಗೈಲಿ ಇಳಿಸ್ತಾರೆ, ನೀನಾದ್ರೂ ಯೋಳಪ್ಪ" ಅಂದಿದ್ದರು. ನಾನು ನಕ್ಕಿದ್ದೆ. ಉಸ್ತಾದರ ಕೈ ಅಂದರೆ ಹಾಗೇ ಇರಬೇಕು ಅಂತ ನಾವೆಲ್ಲ ತಿಳಿದಿದ್ದೆವು. ಮುಂದೆ ನನಗೂ ಅಂಥ ಕೈ ಬರಲಿ ಅಂತ ಆಸೆಪಟ್ಟದ್ದೂ ಉಂಟು.

ಕೊನೆಗೆ ಇನ್ಸ್‌ಪೆಕ್ಟರ ತಾಳ್ಮೆ ಮುಗಿಯಿತು. ಕೂಗಾಡುವ ಜನ ಅಲ್ಲ ಅವರು. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ನಾಳೆ ನಾನು ಬಸ್ಸಿನಲ್ಲಿ ಹೋಗ್ತೀನಿ. ನೀವಿಬ್ಬರೂ ಇದೇ ಗಾಡೀಲಿ ಮಳವಳ್ಳಿಗೆ ಹೋಗಿ ಬನ್ನಿ. ಪೆಟ್ರೋಲು ನಾನು ಹಾಕಿಸಿರ್ತೀನಿ. ರೋಗ ಎಲ್ಲಿ ಬರುತ್ತೋ ಅಲ್ಲೇ ಹಿಡೀರಿ. ಆಗಲಿಲ್ಲ ಅಂದ್ರೆ ಮಂಡ್ಯದ ಶಾಪಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ. ಉಳಿದ ಗಾಡಿಗಳೂ ಅಲ್ಲಿಗೇ ಹೋಗ್ತವೆ."

ಅವರು ಹೋದ ಮೇಲೆ ಸಾಬರು ಪಾನಾ ಸ್ಪ್ಯಾನರುಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿದರು.

"ಇದ್ ಓದ್ರೆ ಶಾಪು ಮುಚ್ಚದೇಯ," ಅಂದರು. "ನೀನು ನಿಮ್ಮಪ್ಪನ ಕುಲುಮೆಗೆ ಓಯ್ತೀಯ. ನಾನೆಲ್ಲಿಗ್ ಓಗ್ಲಿ ಯೋಳು. ನಂಗೆ ಇದೊಂದೇ ಕೆಲ್ಸ ಬರಾದು."

"ಸಿಕ್ತದೆ ಬುಡಿ ಸಾಬ್ರೇ," ಅಂದೆ. ಸಿಗುತ್ತದೆ ಅಂತ ನನಗೇನೂ ನಂಬಿಕೆ ಇರಲಿಲ್ಲ.

ಮಾರನೆಯ ದಿನ ಬಿಸಿಲು ಏರಿದ ಮೇಲೇ ಹೊರಟೆವು, ಗಾಡಿ ಕಾಯಲಿ ಅಂತ. ಸಾಬರು ಓಡಿಸುತ್ತಿದ್ದರು, ನಾನು ಹಿಂದಿನ ಕ್ಯಾರಿಯರಿನ ಕಬ್ಬಿಣದ ಮೇಲೆ ಮಡಿಚಿದ ಗೋಣಿ ಹಾಕಿಕೊಂಡು ಕೂತಿದ್ದೆ. ಊರು ದಾಟುವವರೆಗೂ ಗಾಡಿ ಚೆನ್ನಾಗಿಯೇ ಓಡಿತು. ಎರಡು ಕಡೆಯೂ ಕಬ್ಬು, ಮಧ್ಯೆ ಮಧ್ಯೆ ಭತ್ತದ ಕೂಳೆ. ಧೂಳು, ಸೆಕೆ. ನಾನು ಒಳಗೊಳಗೇ ಇವತ್ತೊಂದು ದಿನ ನಿಲ್ಲಬೇಡ ಮಾರಾಯ್ತಿ ಅಂದುಕೊಳ್ಳುತ್ತಿದ್ದೆ, ಅದೇ ಉಸಿರಿನಲ್ಲಿ ನಿಲ್ಲಲಿ, ನಿಂತರೆ ತಾನೇ ಹಿಡಿಯುವುದು ಅಂತಲೂ ಅನ್ನಿಸುತ್ತಿತ್ತು. ನಾಲೆಯ ಮೋರಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಗಾಡಿ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ನಿಂತೇಬಿಟ್ಟಿತು.

ಸಾಬರು ಇಳಿದರು. ನೆರಳು ಹುಡುಕಲಿಲ್ಲ, ಗಾಡಿ ತಣ್ಣಗಾಗಿಬಿಟ್ಟರೆ ರೋಗ ಅಡಗಿಕೊಳ್ಳುತ್ತದಲ್ಲ. ಪ್ಲಗ್ಗು ಬಿಚ್ಚಿ ಇಂಜಿನ್ನಿನ ಮೇಲಿಟ್ಟರು, ನಾನು ಒದ್ದೆ. ತುದಿಯಲ್ಲಿ ಕಿಡಿ ಬಂತು. ಒಳಗೆ ಹಾಕಿ ಒದ್ದೆ, ಗಾಡಿ ಉಸಿರೆತ್ತಲಿಲ್ಲ. ಮತ್ತೆ ಹೊರಗೆ ತೆಗೆದರೆ ಕಿಡಿ, ಒಳಗೆ ಹಾಕಿದರೆ ಇಲ್ಲ. ಇದು ಮೊದಲಿನಿಂದಲೂ ನಮ್ಮ ತಲೆ ತಿನ್ನುತ್ತಿದ್ದ ವಿಷಯ. ಹೊರಗಿನ ಗಾಳಿಯಲ್ಲಿ ಹಾರುವುದು ಕಿಡಿಗೆ ಸುಲಭ, ಒಳಗಿನ ಒತ್ತಡದಲ್ಲಿ ಕಷ್ಟ. ಕಷ್ಟವಾದರೆ ಕರೆಂಟು ಬೇರೆ ದಾರಿ ಹುಡುಕಿಕೊಂಡು ಎಲ್ಲೋ ಸೋರಿಹೋಗುತ್ತದೆ. ಎಲ್ಲಿ ಅನ್ನುವುದೇ ಪ್ರಶ್ನೆ. ಹಗಲಿನಲ್ಲಿ ಆ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕೈ ಬೇಕು.

ಸಾಬರು ಟ್ಯಾಂಕಿನ ಕೆಳಗೆ ಕೈ ತೂರಿಸಿ ವೈರು ಹಿಡಿದರು. "ಒದಿ" ಅಂದರು. ಒದ್ದೆ. "ಇಲ್ಲ." ಕೈ ಮುಂದೆ ಸರಿಸಿದರು. ಒದ್ದೆ. "ಇಲ್ಲ." ಹೀಗೆ ಎಷ್ಟು ಹೊತ್ತು ಆಯಿತೋ. ಬಿಸಿಲು ನೆತ್ತಿ ಸುಡುತ್ತಿತ್ತು. ಮಂಡಿ ಆಗಲೇ ಸೋತಿತ್ತು. ಇನ್ನೊಂದು ಸಲ ಜೋರಾಗಿ ಒದೆಯುವಾಗ ಕಾಲು ಮಡಿಚಿಕೊಂಡಿತು, ಬೀಳಬಾರದು ಅಂತ ಕೈಗೆ ಸಿಕ್ಕಿದ್ದನ್ನು ಹಿಡಿಯಲು ಹೋದೆ, ನನ್ನ ಬೆರಳು ಟ್ಯಾಂಕಿನ ಕೆಳಗೆ ಅವರ ಬೆರಳಿನ ಪಕ್ಕಕ್ಕೇ ಹೋಗಿ ಕೂತಿತು. ಮೊಣಕೈಗೆ ಯಾರೋ ಕೊಡಲಿಯ ಕಾವಿನಿಂದ ಹೊಡೆದ ಹಾಗಾಯಿತು. ನಾನು ರಸ್ತೆಯ ಮೇಲೆ ಅಂಗಾತ ಬಿದ್ದೆ.

"ಏನ್ಲಾ, ಬಿದ್ಬುಟ್ಟೆ," ಅಂದರು ಸಾಬರು.

"ಕರೆಂಟು ಹೊಡೀತು ಸಾಬ್ರೇ."

"ಎಲ್ಲಿ."

ನಾನು ಬಿದ್ದಲ್ಲಿಂದಲೇ ಬೆರಳು ತೋರಿಸಿದೆ. ತೋರಿಸಿದ ಮೇಲೆ ನನ್ನ ಬೆರಳು ಗಾಳಿಯಲ್ಲೇ ನಿಂತಿತು. ಯಾಕೆಂದರೆ ಅವರ ಕೈ ಇನ್ನೂ ಅಲ್ಲೇ ಇತ್ತು. ಅದೇ ಜಾಗದಲ್ಲಿ, ಎರಡು ಬೆರಳಿನಿಂದ ವೈರನ್ನು ಗಟ್ಟಿಯಾಗಿ ಹಿಡಿದುಕೊಂಡು.

ಅವರು ಬಗ್ಗಿ ನೋಡಿದರು. ವೈರನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಟ್ಟ ತಗಡಿನ ಕ್ಲಿಪ್ಪಿನ ಪಕ್ಕದಲ್ಲಿ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ತಣ್ಣಗಿದ್ದಾಗ ಮುಚ್ಚಿಕೊಳ್ಳುವಂಥದ್ದು, ಕಾದಾಗ ಬಾಯಿ ಬಿಡುವಂಥದ್ದು. ಗಾಡಿಯ ರೋಗ ಸಿಕ್ಕಿತ್ತು. ಸಿಕ್ಕಿತು ಅಂತ ನಮ್ಮಿಬ್ಬರಲ್ಲಿ ಯಾರೂ ಹೇಳಲಿಲ್ಲ.

"ಇಲ್ಲೇ ಮುಟ್ಕೊಂಡಿವ್ನಿ ಕಣ್ಲಾ ನಾನು," ಅಂದರು. ಆಮೇಲೆ, "ಏಳು. ಒದಿ."

ಎದ್ದು ಒದ್ದೆ. ಅವರು ಬಿರುಕಿನ ಮೇಲೆ ತೋರುಬೆರಳು ಒತ್ತಿ ಹಿಡಿದಿದ್ದರು. ಅವರ ಮುಖದಲ್ಲಿ ಏನೂ ಆಗಲಿಲ್ಲ.

"ಇನ್ನೊಂದ್ಸಲ."

ವೈರನ್ನು ಕ್ಲಿಪ್ಪಿನಿಂದ ಬಿಡಿಸಿ ಹೊರಗೆಳೆದರು. ಬಿರುಕನ್ನು ಬಲಗೈಯ ಒಂದೊಂದೇ ಬೆರಳಿಗೆ ತಾಗಿಸಿದರು, ಒಂದೊಂದಕ್ಕೂ ನಾನು ಒದ್ದೆ. ಆಮೇಲೆ ಅಂಗೈ. ಆಮೇಲೆ ಮಣಿಕಟ್ಟು. "ಒದಿ," ಅನ್ನುವರು, ಕಾಯುವರು, ತಲೆ ಅಡ್ಡಡ್ಡ ಆಡಿಸುವರು. ಶಾಪಿನಲ್ಲಿ ಗಾಡಿಯ ರೋಗ ಹುಡುಕುವಾಗ ಇರುತ್ತಿದ್ದ ಅದೇ ಮುಖ, ಅದೇ ನಿಧಾನ. ನನಗೆ ಅಳು ಬರುತ್ತಿತ್ತು. ಸಾಕು ಬಿಡಿ ಸಾಬ್ರೇ ಅಂದರೆ ಕೇಳಲಿಲ್ಲ. ಮಣಿಕಟ್ಟಿಗಿಂತ ಮೇಲೆ ಹೋದರು. ಮೊಣಕೈಗೆ ಇನ್ನು ಅರ್ಧ ಗೇಣು ಇದೆ ಅನ್ನುವಲ್ಲಿ ಒದ್ದಾಗ ಅವರ ತೋಳು ಚಿಮ್ಮಿತು, ಬಾಯಿಂದ ಹಾ ಅಂತ ಸದ್ದು ಬಂತು. ಅವರು ನಗುತ್ತಾರೇನೋ ಅಂದುಕೊಂಡೆ. ನಗಲಿಲ್ಲ. ಇಂಜಿನ್ನಿನ ಮೇಲಿಂದ ಒಂದಿಷ್ಟು ಕಪ್ಪು ಗ್ರೀಸು ಬೆರಳಿಗೆ ತೆಗೆದುಕೊಂಡು ಆ ಜಾಗದಲ್ಲಿ ತೋಳಿಗೆ ಅಡ್ಡಲಾಗಿ ಒಂದು ಗೆರೆ ಎಳೆದರು.

"ಇಲ್ಗಂಟ ಓಗೈತೆ," ಅಂದರು.

ಎಡಗೈಯನ್ನೂ ನೋಡಿದರು. ಕಿರುಬೆರಳಿಗೆ ತಾಗಿಸಿದಾಗಲೇ ಅದು ಹೊಡೆಯಿತು. ಕೈ ಒದರಿಕೊಂಡು, "ಇದೈತೆ," ಅಂದರು.

ಸೈಕಲ್ ಟ್ಯೂಬಿನ ರಬ್ಬರು ನನ್ನ ಜೇಬಿನಲ್ಲಿತ್ತು. ಬಿರುಕಿಗೆ ಬಿಗಿಯಾಗಿ ಸುತ್ತಿ ದಾರ ಕಟ್ಟಿದೆ. ನಾನೇ ಕಟ್ಟಿದೆ, ಅವರು ನೋಡುತ್ತಾ ನಿಂತರು. ಒಂದೇ ಒದೆತಕ್ಕೆ ಗಾಡಿ ಎದ್ದಿತು, ಅಷ್ಟು ಕಾದಿದ್ದರೂ. ಆ ಸದ್ದು ಕೇಳುವುದಕ್ಕೆ ನಾವು ಇಡೀ ಬೇಸಗೆ ಕಾದಿದ್ದೆವು. ಕೇಳಿ ನನಗೆ ಯಾವ ಸಂತೋಷವೂ ಆಗಲಿಲ್ಲ.

ಓಡಿಸು ಅಂತ ಹ್ಯಾಂಡಲು ನನಗೆ ಕೊಟ್ಟು ಹಿಂದೆ ಕೂತರು. ಸ್ವಲ್ಪ ದೂರ ಹೋದ ಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದರು.

"ನಿಂಗೆ ಹೊಡ್ದಾಗ ಯೆಂಗಾಯ್ತು ಯೋಳು."

ಹೇಳಿದೆ. ಬೆರಳಿನ ತುದಿಯಲ್ಲಿ ಚುರ್ ಅಂದದ್ದು, ಮೊಣಕೈಗೆ ಬಂದು ಬಡಿದದ್ದು, ಹಲ್ಲು ಕಚ್ಚಿಕೊಂಡದ್ದು.

"ಊಂ," ಅಂದರು. "ಮುಂಚೆ ನಂಗೂ ಅಂಗೇ ಆಯ್ತಿತ್ತು. ಯಾವಾಗ ನಿಂತೋಯ್ತೋ ಗೊತ್ತೇ ಆಗ್ನಿಲ್ಲ."

ಮಳವಳ್ಳಿಯಲ್ಲಿ, "ಆಸ್ಪತ್ರೆ ತಾವ ನಿಲ್ಸು," ಅಂತ ಅವರೇ ಹೇಳಿದರು. ಡಾಕ್ಟರು ವಯಸ್ಸಾದವರು, ಅವಸರದ ಮನುಷ್ಯ ಅಲ್ಲ. ಸಾಬರ ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿದರು, ಗುಂಡುಸೂಜಿಯಿಂದ ಚುಚ್ಚಿದರು, ಮೊಣಕೈಯ ಹಿಂದೆ ನರ ಹಿಚುಕಿ ನೋಡಿದರು. ಅಂಗಿ ತೆಗೆಸಿದಾಗ ತೋಳಿನ ಹಿಂಭಾಗದಲ್ಲಿ ಬಣ್ಣ ಮಾಸಿದ ಒಂದು ಮಚ್ಚೆ ಇತ್ತು, ಅಷ್ಟು ವರ್ಷ ಜೊತೆಗಿದ್ದ ನಾನೂ ಅದನ್ನು ನೋಡಿರಲಿಲ್ಲ. ಕೈ ತೊಳೆದುಕೊಂಡು ಬಂದು ಕೂತು ಡಾಕ್ಟರು, "ಇದು ಕುಷ್ಠ" ಅಂದರು.

ಆ ಕಾಲದಲ್ಲಿ ಆ ಮಾತು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೆ ಮೊದಲು ನೆನಪಾದದ್ದು ನನ್ನ ಮಗು, ಸಾಬರು ಕುಡಿದ ಲೋಟದಲ್ಲಿ ನಾನು ಕುಡಿದದ್ದು. ಭಯವಾಯಿತು. ಆಗಲಿಲ್ಲ ಅಂದರೆ ಸುಳ್ಳು.

"ಮನೇಲಿ ಮಕ್ಳವ್ರೆ ಸ್ವಾಮಿ," ಅಂದರು ಸಾಬರು.

"ಬೇಗ ಅಂಟಿಕೊಳ್ಳೋ ಬಗೆ ಅಲ್ಲ ನಿಮ್ಮದು. ಹಾಸಿಗೆ, ತಟ್ಟೆ ಲೋಟ ಬೇರೆ ಇಟ್ಕೊಳ್ಳಿ. ಮಕ್ಕಳನ್ನೂ ಒಂದು ಸಲ ಕರ್ಕೊಂಡು ಬನ್ನಿ, ನೋಡ್ತೀನಿ. ಎಣ್ಣೆಯ ಇಂಜೆಕ್ಷನ್ನು ಇದೆ, ತಪ್ಪದೆ ಬರಬೇಕು. ಇನ್ನೂ ಮೇಲಕ್ಕೆ ಹೋಗದ ಹಾಗೆ ನೋಡ್ಕೋಬಹುದು."

"ಓಗಿರಾದು ಬತ್ತದಾ."

"ಬರೋದು ಕಷ್ಟ," ಅಂದರು ಡಾಕ್ಟರು. "ಕೆಲಸ ಮಾಡಬೇಡಿ ಅನ್ನಲ್ಲ. ಕಣ್ಣಲ್ಲಿ ನೋಡಿ ಮಾಡಿ. ಕೈಯನ್ನ ನಂಬಬೇಡಿ."

ವಾಪಸು ಬರುವಾಗ ಗಾಡಿ ಎಲ್ಲೂ ನಿಲ್ಲಲಿಲ್ಲ. ನಾನು ದಾರಿಯುದ್ದಕ್ಕೂ ಒಂದೇ ಯೋಚಿಸುತ್ತಿದ್ದೆ: ಇದನ್ನು ಯಾರಿಗೂ ಹೇಳುವ ಅಗತ್ಯವಿಲ್ಲ. ಗಾಡಿ ಸರಿಹೋಗಿದೆ. ಸಾಬರು ಮೊದಲಿನ ಹಾಗೆ ಕೂತು ವೈರು ಹಿಡಿಯಲಿ, ಬೇಕಾದರೆ ಆಮೇಲೆ ಯಾರೂ ನೋಡದಾಗ ನಾನು ಮುಟ್ಟುತ್ತೇನೆ. ಯಾರಿಗೆ ಗೊತ್ತಾಗುತ್ತದೆ. ಊರು ಹತ್ತಿರ ಬಂದಾಗ ಅಷ್ಟನ್ನೂ ಅವರಿಗೆ ಹೇಳಿದೆ.

"ಅಂಗ್ ಮಾಡಿದ್ರೆ ಇನ್ನೊಬ್ರ ಗಾಡಿ ನಿಲ್ತದೆ ಕಣ್ಲಾ," ಅಂದರು, ಅಷ್ಟೆ.

ಇನ್ಸ್‌ಪೆಕ್ಟರು ಬಸ್ಸಿಳಿದು ಹೊಂಗೆ ಮರದ ಕೆಳಗೆ ಕಾಯುತ್ತಿದ್ದರು. ಗಾಡಿಯ ಸದ್ದು ಕೇಳಿ ಎದ್ದು ನಿಂತರು. ನಾನು ಸೋರಿಕೆಯ ಜಾಗ ತೋರಿಸಿದೆ. ಅವರು ತಾವೇ ಹತ್ತಿ ಶಿಂಷಾ ಸೇತುವೆಯವರೆಗೆ ಹೋಗಿ ಬಂದರು, ಕಾದ ಇಂಜಿನ್ನನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು, ಶುರುವಾಯಿತು. ಅವರ ಮುಖ ಅರಳಿದ್ದನ್ನು ನಾನು ಅವತ್ತೇ ನೋಡಿದ್ದು.

"ಜನ ಏನೇನೋ ಅಂದರು ಸಾಬರೇ, ನಾನೂ ಅರ್ಧ ನಂಬಿದ್ದೆ," ಅಂದರು. "ತಪ್ಪು ನಂದು. ಮುಂದಿನ ವಾರದಿಂದ ಮಂಡ್ಯದ ಗಾಡಿಗಳು ಬರ್ತವೆ. ಒಂದೇ ಮಾತು, ನೀವೇ ಕೈಯಾರೆ ಮುಟ್ಟಿ ನೋಡಬೇಕು. ಬೇರೆ ಯಾರಿಗೂ ಬಿಡಬಾರದು." ಹಾಗಂದು ಕೈ ಕುಲುಕುವುದಕ್ಕೆ ತಮ್ಮ ಕೈ ಮುಂದೆ ಚಾಚಿದರು. ಬ್ರಾಹ್ಮಣರು, ಅಷ್ಟು ದೊಡ್ಡ ಕೆಲಸದವರು, ಸಾಬರ ಮುಂದೆ ಕೈ ಚಾಚಿ ನಿಂತರು.

ಸಾಬರು ಕೈ ಕೊಡಲಿಲ್ಲ. ಬಲಗೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಸ್ವಾಮಿ, ಈ ಕೈ ಓಗೈತೆ. ಜನ ಅಂದದ್ದು ಸುಳ್ಳಲ್ಲ," ಅಂದರು. "ತೊಂದ್ರೆ ಹಿಡ್ದೋನು ನಾನಲ್ಲ, ಇವನು. ಇವನ ಕೈ ಸಾಕು ಅಂದ್ರೆ ಗಾಡಿ ಕಳ್ಸಿ. ನನ್ನ ಕೈಯೇ ಬೇಕು ಅಂದ್ರೆ ಮಂಡ್ಯಕ್ಕೇ ಕೊಡಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇನ್ಸ್‌ಪೆಕ್ಟರು ಸಾಬರನ್ನು ನೋಡಿದರು, ತೋಳಿನ ಮೇಲಿದ್ದ ಗ್ರೀಸಿನ ಗೆರೆ ನೋಡಿದರು, ನನ್ನನ್ನು ನೋಡಿದರು. ಏನು ತಿಳಿದುಕೊಂಡರೋ. ಚಾಚಿದ ಕೈಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಗಾಡಿ ಹತ್ತಿ ಹೋದರು.

ಮುಂದಿನ ವಾರ ಯಾರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸಾಬರು ಇಂಜೆಕ್ಷನ್ನಿಗೆ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ ಬರುತ್ತಿದ್ದರು, ಬಂದು ಶಾಪಿನ ಹೊರಗೆ ಕಲ್ಲಿನ ಮೇಲೆ ಕೂರುತ್ತಿದ್ದರು. ಮಕ್ಕಳಿಗೆ ಏನೂ ಇಲ್ಲ ಅಂತ ಡಾಕ್ಟರು ಹೇಳಿದ ದಿನ ಮಾತ್ರ ಒಳಗೆ ಬಂದು ನನಗೆ ಹೇಳಿ ಹೋದರು. ನನಗೆ ಕುಲುಮೆಯ ಹೊಗೆ ಕನಸಿನಲ್ಲಿ ಬರತೊಡಗಿತ್ತು.

ಆಮೇಲೆ ಒಂದು ಬೆಳಗ್ಗೆ ಮಂಡ್ಯದಿಂದ ಒಬ್ಬ ಜವಾನ ಇನ್ನೊಂದು ಹಳೇ ಗಾಡಿಯನ್ನು ತಂದು ಮರದ ಕೆಳಗೆ ನಿಲ್ಲಿಸಿದ. ಇನ್ಸ್‌ಪೆಕ್ಟರು ಕಳಿಸಿದ್ದಾರೆ, ಕರೆಂಟು ಎಲ್ಲೋ ಹೋಗ್ತಿದೆ ಅಂತೆ, ಅಂದ. ನಾನು ಗಾಡಿಯ ಪಕ್ಕ ನಿಂತು ಅಭ್ಯಾಸದ ಬಲದಿಂದ ಕಿಕ್ಕರಿನ ಮೇಲೆ ಕಾಲಿಟ್ಟೆ. ಸಾಬರು ಕಲ್ಲಿನಿಂದ ಎದ್ದು ಬಂದು ನನ್ನ ತೋಳು ತಟ್ಟಿ ಪಕ್ಕಕ್ಕೆ ಸರಿಸಿದರು, ಪಂಚೆ ಎತ್ತಿ ಕಟ್ಟಿ ತಾವು ಕಿಕ್ಕರಿನ ಮೇಲೆ ಕಾಲಿಟ್ಟರು. ನಾನು ಮಂಡಿಯೂರಿ ಕೂತು ವೈರು ಹಿಡಿದೆ. ಅವರು ಒದ್ದರು. ಪ್ಲಗ್ಗಿನ ಹತ್ತಿರ ಕೈ ಬಂದಾಗ ಬೆರಳಿನಿಂದ ಮೊಣಕೈಯವರೆಗೆ ಝುಂ ಅಂದಿತು, ಕೈ ಕಿತ್ತುಕೊಂಡೆ.

"ಹೊಡೀತಾ," ಅಂದರು ಸಾಬರು.

"ಹೊಡೀತು," ಅಂದೆ.

"ಪುಣ್ಯವಂತ ಕಣ್ಲಾ ನೀನು," ಅಂದರು.